ಡಬ್ಬಿ ಹಾಲಿನ ಲೆಕ್ಕ



ದೇವಸೂಗೂರು ದಾಟಿ ಕೃಷ್ಣೆಯ ಆಚೆ ಹೋದರೆ ತೆಲಂಗಾಣ. ರಾಜ್ಯ ಬದಲಾಗುತ್ತದೆ, ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಮಕ್ತಲ್, ಕೃಷ್ಣಾ, ನಾರಾಯಣಪೇಟೆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ಆಸ್ಪತ್ರೆಗೆ ಮಾತ್ರ ಹೆಚ್ಚಿನವರು ರಾಯಚೂರಿನ ಬಸ್ಸು ಹತ್ತುತ್ತಾರೆ. ಹಾಗೆ ಬಸ್ಸು ಹತ್ತಿ ಬಂದ ಒಬ್ಬ ಅಜ್ಜಿಯ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಬೇಡ.

ಅಜ್ಜಿಯ ಕಂಕುಳಲ್ಲಿ ಎರಡೂವರೆ ತಿಂಗಳ ಹೆಣ್ಣು ಕೂಸು. ಆಶೀರ್ವಾದ ಮಾಡಿಸಲು ತಂದಿದ್ದಳು. "ಬರೇ ಅಳ್ತದ್ರಿ ಫಾದರ್, ಯಾರದೋ ದೃಷ್ಟಿ ತಾಗ್ಯದ" ಎಂದಳು. ಕೂಸಿನ ತಾಯಿಗೆ ಹೆರಿಗೆಯಾದ ಮೇಲೆ ಹೃದಯದ ಕವಾಟದ ತೊಂದರೆ ಇದೆಯೆಂದು ಗೊತ್ತಾಗಿ, ಶಸ್ತ್ರಚಿಕಿತ್ಸೆಗೆಂದು ಹೈದರಾಬಾದಿಗೆ ಕರೆದೊಯ್ದಿದ್ದರು. ತಂದೆ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಬಿಟ್ಟು ಹೆಂಡತಿಯ ಜೊತೆಗಿದ್ದ. ಕೂಸು ಅಜ್ಜಿಯ ಪಾಲಿಗೆ ಬಂದಿತ್ತು, ಜೊತೆಗೆ ಒಂದು ಡಬ್ಬಿ ಹಾಲಿನ ಪುಡಿ.

ಏನು ಕುಡಿಸುತ್ತೀ ಎಂದು ಕೇಳಿದೆ. ಅಜ್ಜಿಯ ಮುಖದಲ್ಲಿ ಸ್ವಲ್ಪ ಹೆಮ್ಮೆ ಕಂಡಿತು. "ಡಬ್ಬಿ ಹಾಲರಿ. ಮಂದಿ ಮನ್ಯಾಗ ನಾಕು ದಿನಕ್ಕೊಂದು ಡಬ್ಬಿ ಖಾಲಿ ಮಾಡ್ತಾರ. ನಾ ಹತ್ತು ದಿನ ಬರಂಗ ಮಾಡೀನಿ."

ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರ, ದೈವಶಾಸ್ತ್ರ ಕಲಿಸಿದರು. ಒಂದು ಡಬ್ಬಿ ಹಾಲು ಎಷ್ಟು ದಿನ ಬರಬೇಕು ಎಂದು ಯಾರೂ ಕಲಿಸಲಿಲ್ಲ. ಆದರೆ ಕೂಸಿನ ಕೈ ನೋಡಿದರೆ ಸಾಕಿತ್ತು. ಆಶೀರ್ವಾದ ಮಾಡಿ ನೇರವಾಗಿ ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋದೆ.

ವೈದ್ಯರು ಮೊದಲು ಕೇಳಿದ್ದು ಲಸಿಕೆ ಕಾರ್ಡು. ಹುಟ್ಟಿದಾಗ 2 ಕೆಜಿ 800 ಗ್ರಾಂ. ತಾಯಿಯ ಹಾಲು ಕುಡಿಯುತ್ತಿದ್ದ ಕಾಲದಲ್ಲಿ, ಅಂದರೆ ಆರನೆಯ ವಾರದ ಲಸಿಕೆಗೆ, 3 ಕೆಜಿ 600. ಈಗ ತಕ್ಕಡಿಯಲ್ಲಿ 3 ಕೆಜಿ 800. ಮೊದಲ ಮೂರು ತಿಂಗಳಲ್ಲಿ ಕೂಸು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರಬೇಕು. ಐದು ವಾರದಲ್ಲಿ ಒಂದು ಕೆಜಿಯ ಹತ್ತಿರ ಏರಬೇಕಾದದ್ದು ಇನ್ನೂರೇ ಗ್ರಾಂ ಏರಿತ್ತು. ಅಜ್ಜಿ ಹೇಗೆ ಹಾಲು ಕಲಸುತ್ತಾಳೆಂದು ವಿವರವಾಗಿ ಕೇಳಿದ ಮೇಲೆ ವೈದ್ಯರು ಮೆತ್ತಗೆ ಹೇಳಿದರು: "ಅವ್ವಾ, ಇದು ಹಾಲಲ್ಲ, ಹಾಲಿನ ಡಬ್ಬಿ ತೊಳೆದ ನೀರು."

ಅಜ್ಜಿ ಅಳಲಿಲ್ಲ, ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವಳು ಕೆಟ್ಟವಳಲ್ಲ. ಇದ್ದುದರಲ್ಲಿ ಉಳಿಸುವುದು ಅವಳ ಜೀವನದ ಪಾಠ. ಜೋಳ ಕಡಿಮೆಯಿದ್ದಾಗ ಅಂಬಲಿಗೆ ನೀರು ಹೆಚ್ಚಿಸಿ ಐದು ಮಕ್ಕಳನ್ನು ಬೆಳೆಸಿದವಳು. ಡಬ್ಬಿಯ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಅಜ್ಜಿಗೆ ಅಷ್ಟಿಷ್ಟು ಕನ್ನಡ ಬರುತ್ತದೆ, ಪಕ್ಕದ ಮನೆಯ ಹುಡುಗಿ ಓದುವುದು ತೆಲುಗು ಮಾಧ್ಯಮದಲ್ಲಿ. ಡಬ್ಬಿಗೆ ಗೊತ್ತಿರುವ ಭಾಷೆ ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡು ದಿನ ಕೂಸನ್ನು ವಾರ್ಡಿನಲ್ಲಿಟ್ಟುಕೊಂಡು ರಕ್ತ ಪರೀಕ್ಷೆ ಮಾಡಿದರು. ತೆಳುಹಾಲಿನಿಂದ ಬರೀ ತೂಕ ನಿಲ್ಲುವುದಷ್ಟೇ ಅಲ್ಲ, ನೀರು ಹೆಚ್ಚಾಗಿ ರಕ್ತದಲ್ಲಿ ಸೋಡಿಯಂ ಇಳಿದರೆ ಕೂಸಿಗೆ ಫಿಟ್ಸ್ ಬರಬಹುದು ಎಂದು ವೈದ್ಯರು ವಿವರಿಸಿದರು. ಬಡತನದಿಂದ ಹಾಲು ತೆಳುವಾಗುವುದು ಒಂದು ಕಡೆ. ಇನ್ನೊಂದು ಕಡೆ, ಕೂಸು ಬೇಗ ದಪ್ಪವಾಗಲಿ ಎಂದು ಒಂದು ಚಮಚ ಹೆಚ್ಚು ಹಾಕುವವರೂ ಇದ್ದಾರೆ. ಅದೂ ತಪ್ಪೇ. ಎಳೆಯ ಮೂತ್ರಪಿಂಡಕ್ಕೆ ಆ ಭಾರ ಹೊರಲಾಗುವುದಿಲ್ಲ, ಮಲಬದ್ಧತೆಯಾಗುತ್ತದೆ, ನೀರಿನಂಶ ಕಡಿಮೆಯಾಗುತ್ತದೆ.

ಆಮೇಲೆ ವೈದ್ಯರು ಮಾಡಿಕೊಟ್ಟ ಲೆಕ್ಕ ನನಗೆ ಬಹಳ ಹಿಡಿಸಿತು. ನಮ್ಮ ಮನೆಗಳಿಗೆ ಬೇಕಾದದ್ದು ಇಂಥ ಲೆಕ್ಕವೇ ಎನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ. ಡಬ್ಬಿ ಹಾಲೇ ಪೂರ್ತಿ ಆಹಾರವಾದ ಎಳೆಗೂಸಿಗೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ ದಿನಕ್ಕೆ 150 ಮಿ.ಲೀ.ನಷ್ಟು ಹಾಲು ಬೇಕು. ಈ ಕೂಸಿನ ತೂಕಕ್ಕೆ 570 ಮಿ.ಲೀ. ಬಡವಾಗಿರುವುದರಿಂದ ಸ್ವಲ್ಪ ಹೆಚ್ಚು, ದಿನಕ್ಕೆ ಏಳು ಸಲ, ಸಲಕ್ಕೆ 90 ಮಿ.ಲೀ. ಎಂದು ಬರೆದರು. ಆ ಡಬ್ಬಿಯ ಅಳತೆ 30 ಮಿ.ಲೀ. ನೀರಿಗೆ ಒಂದು ಚಮಚ. ಅದೂ ಡಬ್ಬಿಯೊಳಗೇ ಇರುವ ಚಮಚ, ಕಂಠಮಟ್ಟಕ್ಕೆ ಸರಿಮಾಡಿದ್ದು, ಒತ್ತಿ ತುಂಬಿದ್ದಲ್ಲ. ಸಲಕ್ಕೆ ಮೂರು ಚಮಚವೆಂದರೆ ದಿನಕ್ಕೆ ಇಪ್ಪತ್ತೊಂದು. 400 ಗ್ರಾಂ ಡಬ್ಬಿಯಲ್ಲಿ ಹೆಚ್ಚುಕಡಿಮೆ ತೊಂಬತ್ತು ಚಮಚ ಪುಡಿ ಇರುತ್ತದೆ. ಅಂದರೆ ನಾಲ್ಕು ದಿನ. ಕೂಸು 5 ಕೆಜಿಯಾದಾಗ ಒಂದು ಡಬ್ಬಿ ಮೂರೂವರೆ ದಿನವೂ ಕಷ್ಟ, ತಿಂಗಳಿಗೆ ಎಂಟೊಂಬತ್ತು ಡಬ್ಬಿ. ಅಗ್ಗದ ಡಬ್ಬಿಯೇ ನಾಲ್ಕು ನೂರರ ಆಸುಪಾಸು ಇರುವಾಗ ತಿಂಗಳಿಗೆ ಮೂರೂವರೆ ಸಾವಿರ ರೂಪಾಯಿ ಬೇಕು. ಮಂದಿ ಮನೆಯಲ್ಲಿ ನಾಲ್ಕು ದಿನಕ್ಕೊಂದು ಡಬ್ಬಿ ಖಾಲಿಯಾಗುತ್ತದೆ ಎಂದಿದ್ದಳಲ್ಲ ಅಜ್ಜಿ, ಆ ಮನೆಯವರೇ ಸರಿ.

(ಒಂದು ಮಾತು. ಈ ಅಂಕಿಗಳು ಆ ಕೂಸಿನವು. ನಿಮ್ಮ ಕೂಸಿನ ತೂಕ, ವಯಸ್ಸು, ಕಾಯಿಲೆ ಬೇರೆ. ಡಬ್ಬಿಯ ಚಮಚವೂ ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಲೆಕ್ಕವನ್ನು ನಿಮ್ಮ ಮಕ್ಕಳ ವೈದ್ಯರೇ ಮಾಡಿಕೊಡಬೇಕು.)

ಲೆಕ್ಕವನ್ನು ಮೊದಲೇ ಮಾಡುವುದರ ಉಪಯೋಗ ಇದು. ಇಷ್ಟು ಹಣ ಹೊಂದಿಸಲಾಗುತ್ತದೆಯೇ ಇಲ್ಲವೇ ಎಂಬುದು ಮೊದಲ ದಿನವೇ ಮನೆಯವರಿಗೆ ಗೊತ್ತಾಗುತ್ತದೆ. ಆಗದಿದ್ದರೆ ಆ ಮಾತನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟು, ಮನೆಗೆ ಬಂದು ನೀರು ಬೆರೆಸಿದರೆ ಅದರ ಬೆಲೆ ತೆರುವುದು ಕೂಸು. ನಮ್ಮ ವೈದ್ಯರು ಆ ದಿನವೇ ಪುಣೆಯ ಗುತ್ತಿಗೆದಾರನಿಂದ ಬರಬೇಕಾದ ಬಾಕಿಯವರೆಗೂ ವಿಚಾರಿಸಿದರು! ತಂದೆಗೆ ಫೋನು ಮಾಡಿ ತಿಂಗಳ ಖರ್ಚು ಇಷ್ಟು ಎಂದು ಹೇಳಿದರು. ಅಲ್ಲಿಯವರೆಗೆ ಅವನು ತಿಂಗಳಿಗೆ ಎರಡು ಡಬ್ಬಿ ಸಾಕೆಂದು ತಿಳಿದಿದ್ದ.

ತಂದೆಯರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮಕ್ಕಳ ವೈದ್ಯರ ಮುಂದೆ ಅಜ್ಜಿ, ತಾಯಿ, ಅತ್ತೆ ಎಲ್ಲರೂ ಇರುತ್ತಾರೆ; ದುಡ್ಡು ಕೊಡುವವನು ಹೊರಗೆ ಮೋಟಾರ್‌ಸೈಕಲ್ ಮೇಲೆ ಕುಳಿತಿರುತ್ತಾನೆ. ದಯಮಾಡಿ ಒಳಗೆ ಬನ್ನಿ.

ಹಾಲು ಕಲಸುವ ರೀತಿಗೂ ವೈದ್ಯರು ಅರ್ಧ ಗಂಟೆ ಕೊಟ್ಟರು. ಪುಡಿಯಲ್ಲಿ ಸೂಕ್ಷ್ಮಜೀವಿಗಳೇ ಇಲ್ಲವೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕುದಿಸಿದ ನೀರು 70 ಡಿಗ್ರಿಗಿಂತ ಆರುವ ಮೊದಲೇ, ಅಂದರೆ ಒಲೆಯಿಂದ ಇಳಿಸಿದ ಅರ್ಧ ಗಂಟೆಯೊಳಗೆ, ಪುಡಿ ಬೆರೆಸಬೇಕೆಂದು ಹೇಳಿದೆ. ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸಬೇಕು. ಕೆಲವು ಡಬ್ಬಿಗಳ ಮೇಲೆ ಉಗುರುಬೆಚ್ಚಗಿನ ನೀರು ಎಂದೇ ಇರುತ್ತದೆ. ಯಾವುದನ್ನು ಪಾಲಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ಮೊದಲು ನೀರು ಅಳೆದು ಆಮೇಲೆ ಪುಡಿ ಹಾಕಬೇಕು. ಪುಡಿ ಹಾಕಿ ಮೇಲೆ ನೀರು ತುಂಬಿದರೆ ಅಳತೆ ತಪ್ಪುತ್ತದೆ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಕೂಸು ಕುಡಿದು ಬಿಟ್ಟದ್ದನ್ನು ಚೆಲ್ಲಬೇಕು. ರಾಯಚೂರು, ಗದ್ವಾಲದ ಏಪ್ರಿಲ್ ಬಿಸಿಲಿನಲ್ಲಿ ಎರಡು ಗಂಟೆ ಕಾಯುವುದೂ ಬೇಡ, ಆಗಾಗಿನದು ಆಗಲೇ. ಚೆಲ್ಲಬೇಕು ಎಂದಾಗ ಮಾತ್ರ ಅಜ್ಜಿ ಮೊದಲ ಸಲ ಎದುರು ಮಾತಾಡಿದಳು. "ಹಾಲು ಚೆಲ್ಲಬಾರದ್ರಿ, ಪಾಪ ಬರ್ತದ." ವೈದ್ಯರು ನನ್ನ ಕಡೆ ನೋಡಿದರು. ಪಾಪದ ವಿಷಯ ನನ್ನ ಇಲಾಖೆಯಲ್ಲವೇ! ಕೂಸಿಗೆ ಹುಳಿ ಹಾಲು ಕುಡಿಸಿದರೇನೇ ಪಾಪ, ಉಳಿದದ್ದನ್ನು ಮನೆಯ ಬೆಕ್ಕಿಗೆ ಹಾಕು ಎಂದೆ. ಅದಕ್ಕೆ ಒಪ್ಪಿದಳು.

ಇನ್ನು ಬಾಟಲಿ. ಅಜ್ಜಿಯ ಚೀಲದಲ್ಲಿದ್ದ ಬಾಟಲಿಯ ನಿಪ್ಪಲ್ಲನ್ನು ವೈದ್ಯರು ಮಗುಚಿ ತೋರಿಸಿದರು. ಒಳಗೆ ಹಳದಿ ಪಾಚಿಯಂತೆ ಅಂಟಿಕೊಂಡಿತ್ತು. "ನಿಮ್ಮ ಮನ್ಯಾಗ ಒಳಲೆ ಇಲ್ಲೇನು?" ಎಂದು ಕೇಳಿದರು. ಅಜ್ಜಿಯ ಕಣ್ಣು ಅರಳಿತು. ಒಳಲೆ ಎಂದರೆ ಕೊಕ್ಕಿನಂತೆ ಮೂತಿಯಿರುವ ಪುಟ್ಟ ಬಟ್ಟಲು. ನಮ್ಮ ತಾಯಂದಿರು ನಮಗೆಲ್ಲ ಔಡಲೆಣ್ಣೆ, ಔಷಧಿ ಕುಡಿಸಿದ್ದು ಅದರಲ್ಲೇ. ನದಿಯಾಚೆ ತೆಲುಗಿನವರು ಉಗ್ಗು ಗಿನ್ನೆ ಎನ್ನುತ್ತಾರೆ. ಹಳೆಯ ಕಾಲದ್ದೆಂದು ಅಟ್ಟಕ್ಕೆ ಹಾಕಿದ ಆ ಬಟ್ಟಲನ್ನೇ ಇಂದು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ವಾರ್ಡಿನಲ್ಲಿ ಬಳಸುತ್ತಾರೆ. ಬಾಟಲಿಯಂತೆ ಮೂಲೆ ಸಂದಿಗಳಿಲ್ಲ, ತಿಕ್ಕಿ ತೊಳೆದು ಕುದಿಯುವ ನೀರಿನಲ್ಲಿ ಹಾಕಿದರೆ ಶುದ್ಧ. ನಿಪ್ಪಲ್ಲಿಗೆ ಒಗ್ಗಿದ ಕೂಸು ಮತ್ತೆ ಎದೆ ಹಿಡಿಯಲು ಹಟ ಮಾಡುವುದುಂಟು, ಒಳಲೆಯಲ್ಲಿ ಆ ತೊಂದರೆ ಕಡಿಮೆ. ಕೂಸನ್ನು ತಲೆ ಎತ್ತರಿಸಿ ಹಿಡಿದು, ತುಟಿಯಂಚಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಅಂಗಾತ ಮಲಗಿಸಿ ಗಂಟಲಿಗೆ ಸುರಿಯಬಾರದು.

ಎಮ್ಮೆ ಹಾಲಿನ ಪ್ರಶ್ನೆ ಬಂದೇ ಬಂತು. ನಡುನಡುವೆ ನೀರು ಬೆರೆಸಿದ ಎಮ್ಮೆ ಹಾಲನ್ನೂ ಅಜ್ಜಿ ಕುಡಿಸುತ್ತಿದ್ದಳು. ನಾವೆಲ್ಲ ಅದನ್ನೇ ಕುಡಿದು ಬೆಳೆದವರಲ್ಲವೇ ಎಂದು ನಾನೂ ದನಿ ಸೇರಿಸಿದೆ. ವೈದ್ಯರು ಒಪ್ಪಲಿಲ್ಲ. ಆಕಳದಾಗಲಿ ಎಮ್ಮೆಯದಾಗಲಿ, ವರ್ಷ ತುಂಬುವವರೆಗೆ ಕೂಸಿನ ಮುಖ್ಯ ಹಾಲಾಗಿ ಅದು ಸಲ್ಲದು. ಅದರಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಪ್ರೋಟೀನು, ಉಪ್ಪಿನಂಶ ಕೂಸಿನ ಮೂತ್ರಪಿಂಡಕ್ಕೆ ಹೆಚ್ಚು. ಆಡಿನ ಹಾಲಿನಲ್ಲಿ ಫೋಲಿಕ್ ಆಮ್ಲದ ಕೊರತೆ. ಬಿಸ್ಕತ್ತು ನೆನೆಸಿದ ನೀರಂತೂ ಹಾಲೇ ಅಲ್ಲ. ಜೇನುತುಪ್ಪವನ್ನು ವರ್ಷದೊಳಗಿನ ಕೂಸಿನ ನಾಲಿಗೆಗೆ ಸವರಲೂಬಾರದು, ಬಾಟ್ಯುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಬರಬಹುದು. "ನಾವು ಬೆಳೆದೆವಲ್ಲ" ಎನ್ನುವವರು ನಮ್ಮ ಜೊತೆ ಹುಟ್ಟಿ ಬೆಳೆಯದೆ ಹೋದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು ವೈದ್ಯರು. ನನ್ನ ತಾಯಿ ಹೆತ್ತದ್ದು ಏಳು, ಉಳಿದದ್ದು ನಾಲ್ಕು. ನಾನು ಸುಮ್ಮನಾದೆ.

ಇಷ್ಟು ಓದಿದವರು ಈ ಫಾದರ್ ಡಬ್ಬಿ ಹಾಲಿನ ಪ್ರಚಾರಕ್ಕೆ ನಿಂತರೇ ಎಂದುಕೊಳ್ಳಬೇಡಿ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಒಂದು ಹನಿ ನೀರೂ ಬೇಡ. ಆಮೇಲೆ ಮೆತ್ತನೆಯ ಆಹಾರದ ಜೊತೆಗೆ ಎರಡು ವರ್ಷದವರೆಗೆ ಮತ್ತು ಅದಕ್ಕೂ ಮೇಲೆ ಎದೆಹಾಲು. ಇದು ಎಲ್ಲ ಮಕ್ಕಳ ವೈದ್ಯರ ಮಾತು. ಹಾಲು ಸಾಲದು ಎಂದು ತಾಯಿ ಹೇಳುವಾಗ ಹಲವು ಸಲ ನಿಜವಾಗಿ ಹಾಲು ಸಾಲದಿರುವುದಿಲ್ಲ. ಕೂಸು ಎದೆ ಹಿಡಿಯುವ ರೀತಿ ತಪ್ಪಿರುತ್ತದೆ, ಅಥವಾ ಬಾಣಂತಿಗೆ ಯಾರೋ ಹೆದರಿಸಿರುತ್ತಾರೆ. ಕೂಸು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡಿ, ತೂಕ ಸರಿಯಾಗಿ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಆದ್ದರಿಂದ ವೈದ್ಯರ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಡಬ್ಬಿ ಎಂಬುದಲ್ಲ, ಡಬ್ಬಿ ನಿಜವಾಗಿ ಬೇಕೇ ಎಂಬುದು. ಬೇಕಾದರೆ ಪೂರ್ತಿಯೋ, ಎದೆಹಾಲಿನ ಜೊತೆಗೆ ಸ್ವಲ್ಪವೋ, ಎಷ್ಟು ದಿನಕ್ಕೆ, ಮತ್ತೆ ತೂಕ ನೋಡುವುದು ಯಾವಾಗ? ಲಸಿಕೆಗೆ ಆರು, ಹತ್ತು, ಹದಿನಾಲ್ಕನೆಯ ವಾರ ಹೇಗೂ ಹೋಗುತ್ತೀರಿ, ಆಗ ತೂಕ ಹಾಕಿಸದೆ ಬರಬೇಡಿ. ವಿಟಮಿನ್ ಡಿ ಹನಿಗಳ ಬಗ್ಗೆಯೂ ಅಲ್ಲೇ ಕೇಳಿ.

ನಾರಾಯಣಪೇಟೆಯ ನೇಕಾರ ಮನೆಗಳಲ್ಲಿ ಮಗ್ಗ ಮನೆಯೊಳಗೇ ಇರುತ್ತದೆ. ಕೂಸು ಅತ್ತರೆ ತಾಯಿ ಮಗ್ಗದ ಕುಣಿಯಿಂದ ಎದ್ದು ಬಂದು ಹಾಲೂಡಿಸಿ ಮತ್ತೆ ಕೂರಬಹುದು. ಗದ್ವಾಲದ ಕಡೆ ಬೀಜದ ಹತ್ತಿಯ ಹೊಲಗಳಲ್ಲಿ ಹಾಗಲ್ಲ. ಮಧ್ಯಾಹ್ನದ ಮೇಲೆ ಮೊಗ್ಗು ಬಿಡಿಸುವುದು, ಮರುದಿನ ಬೆಳಿಗ್ಗೆ ಹೂವಿಗೆ ಹೂ ಮುಟ್ಟಿಸಿ ಕ್ರಾಸಿಂಗ್ ಮಾಡುವುದು. ಹೂವು ತಾಯಿಗಾಗಿ ಕಾಯುವುದಿಲ್ಲ. ಮೂರು ತಿಂಗಳ ಬಾಣಂತಿಯರೂ ಆ ಕೂಲಿಗೆ ಹೋಗುತ್ತಾರೆ, ಕೂಸಿಗೆ ಡಬ್ಬಿ ಬರುತ್ತದೆ. ಅಂಥ ತಾಯಂದಿರು ಹೊಲಕ್ಕೆ ಹೋಗುವ ಮೊದಲು ಎದೆಹಾಲು ಹಿಂಡಿ ಶುದ್ಧವಾದ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟು ಹೋದರೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಇದನ್ನು ಹೇಳಿಕೊಡುವವರು ಬೇಕು. ಆಶಾ ಕಾರ್ಯಕರ್ತೆಯರು ಬಲ್ಲರು, ಕೇಳಬೇಕಷ್ಟೇ.

ಕಾನೂನಿನ ಒಂದು ವಿಷಯವೂ ನಿಮಗೆ ಗೊತ್ತಿರಲಿ. 1970ರ ದಶಕದಲ್ಲಿ ಬಡ ದೇಶಗಳಲ್ಲಿ ಹಾಲಿನ ಪುಡಿಯ ಕಂಪನಿಗಳ ಜಾಹೀರಾತಿಗೆ ಮರುಳಾಗಿ ತಾಯಂದಿರು ಎದೆಹಾಲು ಬಿಡಿಸಿ, ಕೊಳೆ ನೀರಿನಲ್ಲಿ ತೆಳುಹಾಲು ಕಲಸಿ ಮಕ್ಕಳನ್ನು ಕಳೆದುಕೊಂಡರು. ಅದರ ವಿರುದ್ಧ ಜಗತ್ತಿನಾದ್ಯಂತ ಕೂಗೆದ್ದು 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆ ಬಂತು. ನಮ್ಮ ದೇಶದಲ್ಲಿ 1992ರಲ್ಲಿ ಕಾಯಿದೆಯಾಗಿ, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ, ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ, ಆಸ್ಪತ್ರೆಯವರಿಗೆ ಕಂಪನಿ ಉಡುಗೊರೆ ಕೊಡುವಂತಿಲ್ಲ, ಡಬ್ಬಿಯ ಮೇಲೆ ಕೂಸಿನ ಚಿತ್ರ ಹಾಕುವಂತಿಲ್ಲ. ಹೆರಿಗೆಯಾದ ಎರಡನೆಯ ದಿನ ಯಾರಾದರೂ ಪುಕ್ಕಟೆ ಡಬ್ಬಿ ಕೈಗಿತ್ತರೆ ಅದು ಉಪಕಾರವಲ್ಲ ಎಂದು ತಿಳಿಯಿರಿ. ಪುಕ್ಕಟೆ ಡಬ್ಬಿ ಮುಗಿಯುವ ಹೊತ್ತಿಗೆ ತಾಯಿಯ ಹಾಲು ಇಳಿದಿರುತ್ತದೆ, ಎರಡನೆಯ ಡಬ್ಬಿಗೆ ದುಡ್ಡು ನೀವೇ ಕೊಡಬೇಕು.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯ. ಕೆಲವು ವರ್ಷಗಳ ಹಿಂದೆ ಆಗಸ್ಟ್ ಮೊದಲ ವಾರ, ಸ್ತನ್ಯಪಾನ ಸಪ್ತಾಹವೆಂದು, ಪ್ರಸಂಗದಲ್ಲಿ ಎದೆಹಾಲಿನ ಮಹಿಮೆಯನ್ನು ಹೊಗಳಿದ್ದೇ ಹೊಗಳಿದ್ದು. ಹಾಲೂಡಿಸದವಳು ಎಂಥ ತಾಯಿ ಎನ್ನುವ ಅರ್ಥದ ಮಾತೂ ಬಾಯಿಂದ ಜಾರಿತು. ಪೂಜೆ ಮುಗಿದ ಮೇಲೆ ಒಬ್ಬ ಯುವತಿ ಕೊನೆಯ ಬೆಂಚಿನಲ್ಲೇ ಕುಳಿತಿದ್ದಳು. ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿದ್ದುದರಿಂದ ವೈದ್ಯರೇ ಹಾಲು ಬಿಡಿಸಿದ್ದರು. ಅವಳು ನನಗೆ ಏನೂ ಅನ್ನಲಿಲ್ಲ. ಕೂಸನ್ನು ಎತ್ತಿಕೊಂಡು ಹೋದಳು, ಮುಂದಿನ ಎರಡು ಭಾನುವಾರ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಿಕಿತ್ಸೆಯಲ್ಲಿರುವವರು, ದತ್ತು ಪಡೆದವರು, ತಾಯಿಯಿಲ್ಲದ ಕೂಸನ್ನು ಸಾಕುವವರು, ಎಷ್ಟು ಪ್ರಯತ್ನಿಸಿದರೂ ಹಾಲು ಬಾರದವರು, ಇವರೆಲ್ಲರ ಕೈಯಲ್ಲಿರುವ ಡಬ್ಬಿ ಕೂಸಿನ ಜೀವ ಉಳಿಸುವ ಅನ್ನ. ಅವರನ್ನು ಪೀಠದ ಮೇಲಿಂದ ತೂಗಬಾರದು ಎಂದು ನಾನು ಕಲಿತದ್ದು ಹಾಗೆ. ಪೋಪ್ ಫ್ರಾನ್ಸಿಸ್ ಅವರು 2014ರ ಜನವರಿಯಲ್ಲಿ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ದೀಕ್ಷಾಸ್ನಾನ ಕೊಡುವಾಗ, ಕೂಸು ಹಸಿದಿದ್ದರೆ ಇಲ್ಲೇ ಉಣಿಸಿ ಎಂದು ತಾಯಂದಿರಿಗೆ ಹೇಳಿದ್ದರು. ನಮ್ಮ ದೇವಾಲಯಗಳಲ್ಲಿ ಎದೆಹಾಲಿಗೂ ಒಳಲೆಗೂ ಅಷ್ಟೇ ಜಾಗವಿರಲಿ.

ಅಜ್ಜಿಯ ಕಥೆಗೆ ಬರೋಣ. ವೈದ್ಯರು ಸ್ಟೀಲ್ ಲೋಟದ ಮೇಲೆ 90 ಮಿ.ಲೀ.ಗೆ ಮೊಳೆಯಿಂದ ಒಂದು ಗೆರೆ ಗೀರಿ ಕೊಟ್ಟರು. ಹಾಳೆಯ ಮೇಲೆ ಒಂದು ಲೋಟ, ಅದರ ಪಕ್ಕ ಮೂರು ಚಮಚದ ಚಿತ್ರ ಬರೆದರು. ಡಬ್ಬಿಯ ಇಂಗ್ಲಿಷ್ ಇನ್ನು ಬೇಕಾಗಿರಲಿಲ್ಲ. ಕುಡಿಸಿದಾಗೊಮ್ಮೆ ಒಂದು ಗೀಟು ಹಾಕು ಎಂದರು. ಹದಿನೈದು ದಿನದ ಮೇಲೆ ಬಂದಾಗ ಮೊಮ್ಮಗನ ಹಳೆಯ ನೋಟ್‌ಬುಕ್ಕಿನ ತುಂಬ ಏಳೇಳು ಗೀಟುಗಳು ಸಾಲಾಗಿ ನಿಂತಿದ್ದವು. ಒಂದು ದಿನ ಮಾತ್ರ ಐದು. ಆ ದಿನ ಕೂಸಿಗೆ ಜ್ವರ ಬಂದು, ಅಜ್ಜಿ ರಾತ್ರಿಯೇ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋಗಿದ್ದಳು. ತೂಕ 4 ಕೆಜಿ 300.

ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ತಾಯಿ ಹೈದರಾಬಾದಿನಿಂದ ಬಂದಳು. ಎದೆಯ ಮೇಲೆ ಉದ್ದನೆಯ ಹೊಲಿಗೆ. ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಹಾಲು ಹಿಂಡಿ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಬತ್ತುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಾಲು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಮಕ್ಕಳ ವೈದ್ಯರು ಅವಳ ಔಷಧಿ ಚೀಟಿಯನ್ನು ಹೃದಯದ ವೈದ್ಯರೊಡನೆ ಫೋನಿನಲ್ಲಿ ಚರ್ಚಿಸಿ, ಹಾಲೂಡಿಸಲು ತೊಂದರೆಯಿಲ್ಲ ಎಂದರು. ನಿಂತ ಹಾಲನ್ನು ಮತ್ತೆ ಬರಿಸಬಹುದೆಂದು ನನಗೂ ಅಂದೇ ತಿಳಿದದ್ದು. ಕೂಸನ್ನು ಎದೆಗೆ ಹಚ್ಚಿ, ಮೇಲಿನಿಂದ ಒಳಲೆಯಲ್ಲಿ ಡಬ್ಬಿ ಹಾಲನ್ನು ಹನಿಹನಿಯಾಗಿ ಎದೆಯ ಮೇಲೆ ಇಳಿಬಿಡಬೇಕು. ಕೂಸು ಹನಿಯ ಆಸೆಗೆ ಚೀಪುತ್ತದೆ, ಚೀಪಿದಂತೆ ಹಾಲು ಇಳಿಯತೊಡಗುತ್ತದೆ. ಎಲ್ಲರಿಗೂ ಪೂರ್ತಿ ಬರುವುದಿಲ್ಲ. ಇವಳಿಗೂ ಬರಲಿಲ್ಲ. ಒಂದು ತಿಂಗಳ ಮೇಲೆ ಡಬ್ಬಿಯ ಏಳು ಸಲ ನಾಲ್ಕಕ್ಕೆ ಇಳಿಯಿತು, ಅಷ್ಟೇ.

ಮೊನ್ನೆ ಆ ಕಡೆ ಹೋದಾಗ ಅವರ ಮನೆಗೆ ಹೋಗಿದ್ದೆ. ತಾಯಿ ಗೋಡೆಗೆ ಒರಗಿ ಕೂಸನ್ನು ಎದೆಗೆ ಹಚ್ಚಿಕೊಂಡಿದ್ದಳು, ಅಜ್ಜಿ ಪಕ್ಕದಲ್ಲಿ ಒಳಲೆ ಹಿಡಿದು ಕುಳಿತಿದ್ದಳು. ನಾನು ಬಾಗಿಲಲ್ಲೇ ನಿಂತೆ. "ಬರ್ರಿ ಫಾದರ್" ಎಂದು ಕರೆದ ಅಜ್ಜಿ ತಲೆ ಮಾತ್ರ ಎತ್ತಲಿಲ್ಲ. ಕೈಯಲ್ಲಿದ್ದ ಹನಿ ತಪ್ಪಬಾರದಲ್ಲ.